ಸಂಚಾರಿ ಗೃಹಗಳೂ ಜನರೇಟರಿನ ಹೊಗೆಯೂ

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ, ರಸ್ತೆಯ ಬದಿಗೆ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಮೃತರಾಗಿ ಕಂಡುಬಂದರು. ತರುವಾಯ ಕಲ್ಲಿಕೋಟೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ಅದೇ ವಾಹನದ ಜನರೇಟರನ್ನು ಮರಳಿ ಓಡಿಸಿ ಪರೀಕ್ಷಿಸಿ, ಅದರಿಂದ ಹೊರಟ ಕಾರ್ಬನ್ ಮಾನಾಕ್ಸೈಡು ನೆಲದಲ್ಲಿದ್ದ ರಂಧ್ರದ ಮೂಲಕ ಒಳಸೇರಿತೆಂದು ನಿರ್ಣಯಿಸಿದರು.

ಇಂಧನವು ಸಾಕಷ್ಟು ಆಮ್ಲಜನಕವಿಲ್ಲದೆ ಅರೆಬರೆ ಉರಿದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ನಾತವೆಂದು ನಾವು ಮೂಗು ಮುಚ್ಚಿಕೊಳ್ಳುವುದು ಅದರ ಜೊತೆಗಿರುವ ಇತರ ದ್ರವ್ಯಗಳಿಗೆ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಅಷ್ಟೇ ಅಲ್ಲ, ಅಳಿದುಳಿದ ಆಮ್ಲಜನಕವನ್ನೂ ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡದಂತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್, ಗಣಿಗಳ ದುರಂತವನ್ನು ಅರಿಯಲೆಂದು, ಈ ಅನಿಲವನ್ನು ತಾನೇ ಉಸಿರಾಡಿ ಅದರ ಪರಿಣಾಮವನ್ನು ದಾಖಲಿಸಿದನು.

ಸೈಲೆನ್ಸರಿನ ಕೊಳವೆ ವಾಹನದ ಹೊರಗಿದೆಯೆಂಬ ಮಾತ್ರದಿಂದ ಒಳಗಿರುವವರು ಸುರಕ್ಷಿತರೆಂದು ಭಾವಿಸುವುದು ಈ ವಿಷಯದಲ್ಲಿ ಅತ್ಯಂತ ಅಪಾಯಕರವಾದ ಭ್ರಮೆ. ಛಾವಣಿಯ ಫ್ಯಾನು ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳುವಾಗ ಅಷ್ಟೇ ಗಾಳಿ ಬೇರೆಲ್ಲಿಂದಲಾದರೂ ಒಳಬರಲೇಬೇಕು. ಕಿಟಕಿಗಳು ಮುಚ್ಚಿದ್ದರೆ ಅದು ನೆಲದಡಿಯ ತಂತಿಯ ತೂತು, ನೀರಿನ ಕೊಳವೆಯ ಸಂದು ಮುಂತಾದುವನ್ನು ಹುಡುಕಿಕೊಳ್ಳುತ್ತದೆ, ಮತ್ತು ಹೊಗೆ ತುಂಬಿರುವುದೂ ಅಲ್ಲಿಯೇ. ಗಾಳಿಗೆ ಬೆನ್ನಾದ ಪಾರ್ಶ್ವದಲ್ಲಿ ಸುಳಿಗಳೆದ್ದು ಹೊಗೆ ನಿಲ್ಲುವುದೂ ಉಂಟು. ಪಕ್ಕದಲ್ಲಿ ನಿಂತ ಅನ್ಯರ ವಾಹನದಿಂದಲೂ ಅದು ಬರಬಹುದು. ಅಮೆರಿಕದಲ್ಲಿ ಕೆಲವರು ಹೊಗೆಯನ್ನು ಛಾವಣಿಯ ಮೇಲಕ್ಕೊಯ್ಯುವ ನೆಟ್ಟನೆಯ ಕೊಳವೆಯನ್ನು ಜೋಡಿಸುತ್ತಾರೆ. ಒಳ್ಳೆಯದೇ, ಆದರೆ ಮಲಗುವ ಮುನ್ನ ಯಂತ್ರವನ್ನು ನಿಲ್ಲಿಸಿ ಒಂದಿರುಳು ಸೆಕೆಯನ್ನು ಸಹಿಸುವುದೇ ಮೇಲೆಂದು ನನ್ನ ಅಭಿಮತ.

ಈ ವಿಷದ ಲಕ್ಷಣಗಳಾದ ತಲೆನೋವು, ವಾಕರಿಕೆ, ಮಂಪರು ಇವು ಪ್ರಯಾಣದ ಆಯಾಸವೆಂದೋ ಹೋಟೆಲಿನ ಊಟದ ಫಲವೆಂದೋ ತೋರುವುದರಿಂದ, ಒಳಗಿದ್ದವರೆಲ್ಲರಿಗೂ ಒಮ್ಮೆಲೇ ಬಂದು ಹೊರಗೆ ಹೋದೊಡನೆ ಕಡಮೆಯಾಗುವ ತಲೆನೋವನ್ನು ಶಂಕಿಸತಕ್ಕದ್ದು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಿರುಪಯೋಗಿ. ವಿಷ ಹಿಡಿದ ಹೀಮೋಗ್ಲೋಬಿನ್ನನ್ನೂ ಅದು ಆಮ್ಲಜನಕಯುಕ್ತವೆಂದೇ ಎಣಿಸಿ ನೆಮ್ಮದಿಯ ಅಂಕಿಯನ್ನು ತೋರಿಸುತ್ತದೆ. ಶುದ್ಧಗಾಳಿಯಲ್ಲಿ ಈ ವಿಷದ ಅರ್ಧಭಾಗ ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಆಸ್ಪತ್ರೆಯ ಶುದ್ಧ ಆಮ್ಲಜನಕದಿಂದ ಒಂದು ಒಂದೂವರೆ ಗಂಟೆ ಸಾಕು.

ಹಾಸಿಗೆಯ ಬಳಿ ಅನಿಲಸೂಚಕವಿರಬೇಕು. ಅಮೆರಿಕದ ಮಾನದಂಡದಂತೆ ಅದು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 400 ಭಾಗವಿದ್ದರೆ 4ರಿಂದ 15 ನಿಮಿಷದೊಳಗೂ, 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೂ ಕೂಗಬೇಕು. ಆದ್ದರಿಂದ ಅದರ ಮೌನವು ಗಾಳಿ ನಿರ್ಮಲವಾಗಿದೆಯೆಂಬುದಕ್ಕೆ ಪ್ರಮಾಣವಲ್ಲ. ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ ಎಲ್ಲರೂ ಮೊದಲು ಹೊರಬರಬೇಕು. ಪರೀಕ್ಷೆಯ ಗುಂಡಿಯನ್ನೊತ್ತಿದಾಗ ಕೇಳುವ ಸದ್ದು ಬ್ಯಾಟರಿ ಹಾಗೂ ಗಂಟೆಯ ಕ್ಷೇಮಸಮಾಚಾರವನ್ನಷ್ಟೇ ಹೇಳುತ್ತದೆ. ಅನಿಲವನ್ನು ಗುರುತಿಸುವ ಸಂವೇದಕವು ಐದರಿಂದ ಹತ್ತು ವರ್ಷಗಳೊಳಗೆ ಸವೆದುಹೋಗುವುದರಿಂದ, ಉಪಕರಣದ ಹಿಂಬದಿಯಲ್ಲಿ ಮುದ್ರಿತವಾದ ವರ್ಷವನ್ನು ಓದಿ ಅವಧಿ ಮೀರಿದ್ದನ್ನು ಬದಲಿಸತಕ್ಕದ್ದು.