ಊರಿನ ಅಳು

ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ಮೊಹರಮ್ಮಿನ ಕತ್ತಲರಾತ್ರಿ. ಅಲಾವಿ ಕುಣಿಯ ಸುತ್ತ ಗೆಜ್ಜೆ ಕಟ್ಟಿದ ಹೆಜ್ಜೆಮೇಳದವರು ರಿವಾಯತ್ ಪದ ಹಾಡುತ್ತಿದ್ದರು. ಮದುಮಗ ಖಾಸೀಮನು ರಣಕ್ಕೆ ಹೊರಡುವ ಪ್ರಸಂಗ ಬಂದೊಡನೆ ಕಟ್ಟೆಯ ಮೇಲಿದ್ದ ಮುದುಕರೊಬ್ಬರು ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು. ಹಣೆಯ ಮೇಲೆ ವಿಭೂತಿ. ‘ಹುಸೇನರು ನಿಮಗೇನಾಗಬೇಕು, ಅಜ್ಜಾ?’ ಎಂದೆ. ‘ನಮ್ಮೂರ ದೇವರ್ರೀ. ಊರೆಲ್ಲಾ ಅಳೂಮುಂದ ನಾ ಒಬ್ಬಾಂವ ನಗಲೇನ್ರಿ?’ ಎಂದರು.

ಕ್ರಿ.ಶ. 680ರಲ್ಲಿ ಕರ್ಬಲೆಯಲ್ಲಿ ನಡೆದ ಸಾವು ಎರೆಹೊಲದ ರೈತನ ಕಣ್ಣಲ್ಲಿ ನೀರು ತರಿಸುವುದೆಂತು? ಶೋಕಾಚರಣೆಯು ವ್ಯಕ್ತಿಯ ಎದೆಯಿಂದ ತಾನಾಗಿ ಉಕ್ಕುವಂಥದಲ್ಲ, ಸಮುದಾಯವು ಹೊರಿಸಿದ ಕರ್ತವ್ಯವೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1912ರ ತನ್ನ ಗ್ರಂಥದಲ್ಲಿ ವಾದಿಸಿದ. ಅಜ್ಜನ ಉತ್ತರ ಕೇಳಿದ್ದರೆ ಆತ ಹಿಗ್ಗುತ್ತಿದ್ದನೇನೋ! ಆದರೆ ಅದು ಅರ್ಧಸತ್ಯವೆಂದು ನನ್ನೆಣಿಕೆ. ಹಾಡು ಕೇಳುತ್ತ ಕುಳಿತ ಹೆಂಗಸರಲ್ಲಿ ಹರೆಯದ ಮಗನನ್ನು ಕಳೆದುಕೊಂಡವರಿರುತ್ತಾರೆ. ಮನೆಯಲ್ಲಿ ನುಂಗಿಕೊಂಡ ಅಳುವಿಗೆ ಖಾಸೀಮನ ತಾಯಿಯ ಅಳುವೇ ದಾರಿ ತೋರುತ್ತದೆ. ಊರು ಹೊರಿಸಿದ ಕರ್ತವ್ಯವು ನಡುರಾತ್ರಿಯ ಹೊತ್ತಿಗೆ ಅವರವರ ಸ್ವಂತ ದುಃಖವಾಗಿ ಹರಿಯತೊಡಗುತ್ತದೆ.

ಭಟ್ಟನಾಯಕನು ಇದನ್ನೇ ಸಾಧಾರಣೀಕರಣವೆಂದನಲ್ಲವೆ? ‘ನನ್ನದು’, ‘ಪರರದು’ ಎಂಬ ಗುರುತು ಕಳಚಿದಲ್ಲಿ ರಸಾಸ್ವಾದ. ಆದರೆ ನಮ್ಮ ಆಲಂಕಾರಿಕರು ಸಹೃದಯತೆಗೆ ಕಾವ್ಯಾಭ್ಯಾಸವನ್ನು ಬೇಡಿದರು. ಇಲ್ಲಿ ಊರಿನವನಾಗಿದ್ದರೆ ಸಾಕು. ಇದೇ ತಾಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳದ ಷರೀಫರಿಗೆ ಗುರುವಾದ ನೆಲವಿದು. ಷರೀಫರು (1819–1889) ಅಲಾವಿಯ ಮೇಲೂ ಪದ ಕಟ್ಟಿದ್ದುಂಟು.

ಈ ಮಾತನ್ನೆಲ್ಲ ಒಮ್ಮೆ ತರಗತಿಯಲ್ಲಿ ವಿವರಿಸುತ್ತಿದ್ದೆ. ನವಲಗುಂದದ ಕಡೆಯ ಹುಡುಗನೊಬ್ಬ ಎದ್ದು ನಿಂತು, ‘ಅದು ಅವರ ಹಬ್ಬ, ಸರ್’ ಎಂದ. ‘ಅವರ’ ಎಂಬ ಶಬ್ದವು ಅಜ್ಜನ ಬಾಯಲ್ಲಿ ಬಂದಿರಲಿಲ್ಲ. ಹುಡುಗನಲ್ಲಿ ಭಾವದ ಕೊರತೆಯಿತ್ತೆನ್ನಲಾರೆ. ಆ ದನಿಯಲ್ಲಿ ಅಭಿಮಾನವಿತ್ತು, ತುಸು ಸಿಟ್ಟೂ ಇತ್ತು. ಅವೂ ಒಂದು ಬಳಗದಿಂದಲೇ ಕಲಿತವು; ಕೂಡಿಕೊಂಡ ಬಳಗ ಬೇರೆ, ಅಷ್ಟೆ. ಊರು ಕಲಿಸಿದ್ದನ್ನು ಇನ್ನೊಂದು ಗುಂಪು ಇಷ್ಟು ಬೇಗ ಮರೆಸಬಲ್ಲುದೆ ಎಂದು ಅಂದು ನನಗೆ ದಿಗಿಲಾಯಿತು.

‘ನಿಮ್ಮ ಮನೆಯಲ್ಲಿ ಯಾರೂ ಹರಕೆ ಹೊತ್ತಿಲ್ಲವೇನಪ್ಪಾ?’ ಎಂದು ಕೇಳಿದೆ. ಹುಡುಗ ತುಸು ತಡೆದ. ಚಿಕ್ಕಂದಿನಲ್ಲಿ ತನಗೆ ಜಡ್ಡಾದಾಗ ಅವ್ವ ಬೇಡಿಕೊಂಡು, ಆ ವರ್ಷದ ಅಲಾವಿಯಲ್ಲಿ ತನ್ನನ್ನೇ ಫಕೀರನನ್ನಾಗಿ ಮಾಡಿದ್ದಳೆಂದು ಮೆಲ್ಲನೆ ಹೇಳಿದ.