ಜಖಂಗೊಂಡ ಕಾರಿಗೆ ಬೆಲೆ ಕಟ್ಟುವವರಾರು?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯಮಿತ್ರರು ಪ್ರತಿವರ್ಷವೂ ರಕ್ತದೊತ್ತಡ, ಮಧುಮೇಹಗಳ ಕುರಿತು ಉಪಯುಕ್ತ ಲೇಖನಗಳನ್ನು ಬರೆಯುತ್ತಾರೆ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕು ಸೇರಿದ ನನಗೆ ಆ ಅಧಿಕಾರವಿಲ್ಲ. ರಕ್ತದೊತ್ತಡವನ್ನು ಏರಿಸುವ ಒಂದು ಕಾರಣವನ್ನು ಮಾತ್ರ ಸ್ವಾನುಭವದಿಂದ ವಿವರಿಸಬಲ್ಲೆ.

2022ರ ನವೆಂಬರಿನಲ್ಲಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಪತ್ನಿಯೊಡನೆ ಕಾರಿನಲ್ಲಿ ಹೊರಟಿದ್ದೆ. ಸುಮಾರು 350 ಕಿಲೋಮೀಟರುಗಳ ಈ ಮಾರ್ಗ ಹಿಂದೆ ಐದನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿದ್ದು, ಈಗ ಹದಿನಾರನೆಯದೆಂಬ ಸಂಖ್ಯೆಯನ್ನು ಹೊತ್ತಿದೆ. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂಗಳನ್ನು ದಾಟಿ ಏಲೂರು ಸಮೀಪಿಸುತ್ತಿರುವಾಗ ಮುಂದಿದ್ದ ಬಸ್ಸು ಹಠಾತ್ತನೆ ನಿಂತಿತು. ನಾನೂ ನಿಂತೆ. ಹಿಂದಿನ ಲಾರಿ ನಿಲ್ಲಲಿಲ್ಲ. ಎರಡರ ನಡುವೆ ಸಿಕ್ಕ ನಮ್ಮ ಕಾರಿನ ಅವಸ್ಥೆಯನ್ನು ವರ್ಣಿಸಬೇಕಾಗಿಲ್ಲ.

ದೈವಕೃಪೆಯಿಂದಲೂ ಸೀಟ್ ಬೆಲ್ಟಿನಿಂದಲೂ ಪ್ರಾಣಾಪಾಯವಾಗಲಿಲ್ಲ. ಆ ಹೊತ್ತಿಗೆ ಏನೂ ನೋವಿಲ್ಲವೆಂದಿದ್ದ ನನ್ನಾಕೆ ಮರುದಿನ ಬೆಳಿಗ್ಗೆ ಕತ್ತು ತಿರುಗಿಸಲಾರದೆ ಹೋದಳು. ಹಿಂದಿನಿಂದ ಢಿಕ್ಕಿಯಾದಾಗ ಕತ್ತಿನ ಸ್ನಾಯುಗಳಿಗೆ ಬೀಳುವ ಪೆಟ್ಟು ಕೆಲವು ಗಂಟೆಗಳ ನಂತರವೇ ತೋರುವುದುಂಟೆಂದು ವೈದ್ಯರು ತಿಳಿಸಿದರು. ಆದುದರಿಂದ ಕಾರನ್ನು ಸರ್ವೇಯರಿಗೆ ತೋರಿಸುವ ಮುನ್ನ ದೇಹವನ್ನು ವೈದ್ಯರಿಗೆ ತೋರಿಸುವುದು ಮೇಲು.

ಕಾರನ್ನು ವಿಜಯವಾಡದ ಆಟೋನಗರಕ್ಕೆ ಎಳೆದು ತಂದೆವು. ಕರಾವಳಿ ಆಂಧ್ರದಲ್ಲಿ ಲಾರಿಯೇ ಆಗಲಿ ಕಾರೇ ಆಗಲಿ ಬಿಡಿಭಾಗವೊಂದು ಬೇಕಾದರೆ ಎಲ್ಲರೂ ನೆನೆಯುವ ಸ್ಥಳವದು. ಅಲ್ಲಿನ ವೃದ್ಧ ಮೇಸ್ತ್ರಿ ಒಮ್ಮೆ ಕೆಳಗೆ ಬಗ್ಗಿ ನೋಡಿ, "ಚಾಸಿಸ್ ವಂಗಿಪೋಯಿಂದಿ ಸಾರ್" ಎಂದ. ಚಾಸಿಸ್ ಬಾಗಿಹೋಗಿದೆ ಎಂಬ ಆ ಒಂದು ವಾಕ್ಯದಲ್ಲಿ ಮುಂದಿನ ಮೂರು ತಿಂಗಳ ಕಥೆಯೆಲ್ಲ ಅಡಗಿತ್ತು.

ಗ್ಯಾರೇಜಿನ ಅಂದಾಜುಪಟ್ಟಿ 3,70,000 ರೂಪಾಯಿಗಳದು. ಸರ್ವೇಯರ್ ಬಂದು ಬಿಡಿಭಾಗಗಳ ಸವಕಳಿಯನ್ನು ಕಳೆದರು. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇಕಡಾ 50, ಫೈಬರ್ ಗ್ಲಾಸಿಗೆ 30, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸನ್ನು ಅನುಸರಿಸಿ. ನಾಲ್ಕು ವರ್ಷ ತುಂಬಿ ಐದರೊಳಗಿದ್ದ ನಮ್ಮ ಕಾರಿಗೆ ಇದು ಶೇಕಡಾ 35. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆಯನ್ನು ನಾನು ಕೊಂಡಿರಲಿಲ್ಲವಾದ್ದರಿಂದ ಇದರಲ್ಲಿ ತಕರಾರಿಗೆ ಆಸ್ಪದವಿರಲಿಲ್ಲ. ಎಲ್ಲ ಕಳೆದು ಉಳಿದ ಮೊತ್ತ 2,84,000.

ಪಾಲಿಸಿಯಲ್ಲಿ ನಮೂದಾಗಿದ್ದ ಕಾರಿನ ಘೋಷಿತ ಮೌಲ್ಯ, ಎಲ್ಲರೂ ಐಡಿವಿ ಎನ್ನುವುದು, 3,60,000 ರೂಪಾಯಿ. ದುರಸ್ತಿಯ ವೆಚ್ಚ ಐಡಿವಿಯ ಶೇಕಡಾ 75ನ್ನು ಮೀರಿದರೆ ವಾಹನ ಪೂರ್ಣ ನಷ್ಟವಾಯಿತೆಂದೇ ಪರಿಗಣಿಸಬೇಕೆಂಬುದು ನಿಯಮ. ನಮ್ಮ ಪಾಲಿಗೆ ಆ ಗಡಿ 2,70,000. ಅದು ದಾಟಿತ್ತು, ಸರ್ವೇಯರರೂ ಹಾಗೆಯೇ ಬರೆದರು. ಆದರೆ ವಿಮಾ ಸಂಸ್ಥೆಯ ಪತ್ರ ಬಂದಾಗ ಅದರಲ್ಲಿದ್ದ ಲೆಕ್ಕವೇ ಬೇರೆ. ಅಪಘಾತದ ದಿನ ಅಂತಹ ಕಾರಿನ ಮಾರುಕಟ್ಟೆ ಬೆಲೆ 3,05,000. ಜಖಂಗೊಂಡ ಕಾರಿನ ಬೆಲೆ 1,35,000, ಅದನ್ನು ನೀವೇ ಇಟ್ಟುಕೊಳ್ಳಿ. ಕಡ್ಡಾಯ ಕಡಿತ 1,000 ಹೋಗಿ ನಿಮಗೆ ಸಲ್ಲುವುದು 1,69,000 ರೂಪಾಯಿ. ಜೊತೆಗೆ "ಪೂರ್ಣ ಮತ್ತು ಅಂತಿಮ ಸಂದಾಯ" ಎಂಬ ಒಕ್ಕಣೆಯ ವೋಚರು.

ಸಹಿ ಹಾಕಿಬಿಡುವ ಮನಸ್ಸಾಗದಿರಲಿಲ್ಲ. ನನ್ನ ತಾಯಿಯವರಿಗೆ ಆಗ ವಾರಕ್ಕೆರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಅದು ಮುಗಿದ ಮೇಲಿನ ಆಯಾಸದಲ್ಲಿ ಅವರನ್ನು ಆಟೋರಿಕ್ಷಾದಲ್ಲಿ ಕುಳ್ಳಿರಿಸಿ ತರುವುದು ನೋಡಲಾಗದ ಸಂಗತಿ. "ದುಡ್ಡು ಎಷ್ಟಾದರೂ ಬರಲಿ, ಜಗಳ ಬೇಡ ಕಣಪ್ಪಾ" ಎಂದು ತಾಯಿಯೇ ಹೇಳಿದರು. ವೋಚರನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದು, ಮೂರನೆಯ ದಿನ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಸಾಲದ ಪತ್ರಗಳ ಸಣ್ಣ ಅಕ್ಷರಗಳನ್ನು ಇತರರಿಗೆ ಓದಿ ಹೇಳುವ ನಾನು ನನ್ನ ಪಾಲಿಸಿಯನ್ನು ಓದಿದ್ದು ಅದೇ ಮೊದಲು.

ಉತ್ತರ ಅದರಲ್ಲಿಯೇ ಇತ್ತು. 2002ರ ಜುಲೈಗೆ ಮುಂಚೆ ಮಾಲೀಕನು ಹೇಳಿದ ಅಂದಾಜು ಬೆಲೆ ಅಥವಾ ನಷ್ಟದ ದಿನದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಕೊಡುವ ಪದ್ಧತಿಯಿತ್ತು, ವ್ಯಾಜ್ಯಗಳಿಗೆ ಕೊನೆಯಿರಲಿಲ್ಲ. ಆಗ ಜಾರಿಗೆ ಬಂದ ಮೋಟಾರು ದರಪಟ್ಟಿಯು ಐಡಿವಿಯನ್ನು ತಂದಿತು. ತಯಾರಕರ ಮಾರಾಟ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇಕಡಾ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಅಲ್ಲಿಂದ ವರ್ಷಕ್ಕೆ ಹತ್ತರಂತೆ ಏರಿ ಐದು ವರ್ಷದೊಳಗೆ 50; ಅದಕ್ಕೂ ಹಳೆಯ ವಾಹನಗಳಿಗೆ ಉಭಯ ಪಕ್ಷಗಳ ಒಪ್ಪಿಗೆಯ ಬೆಲೆ. ಹೀಗೆ ನಿಗದಿಯಾದ ಮೌಲ್ಯವನ್ನೇ, ಪೂರ್ಣ ನಷ್ಟದ ಸಂದರ್ಭದಲ್ಲಿ, ಪಾಲಿಸಿಯ ಅವಧಿಯುದ್ದಕ್ಕೂ ಮತ್ತಾವ ಸವಕಳಿಯನ್ನೂ ಕಳೆಯದೆ ಮಾರುಕಟ್ಟೆ ಬೆಲೆಯೆಂದು ಭಾವಿಸತಕ್ಕದ್ದೆಂದು ಷರತ್ತೇ ಹೇಳುತ್ತದೆ. 2007ರಲ್ಲಿ ವಿಮಾದರಗಳ ನಿಯಂತ್ರಣ ತೆರವಾದ ಮೇಲೂ ಈ ಒಕ್ಕಣೆ ಪಾಲಿಸಿಗಳಲ್ಲಿ ಉಳಿದುಬಂದಿದೆ. (ಪ್ರೀಮಿಯಂನಲ್ಲಿ ಕೆಲವು ನೂರು ರೂಪಾಯಿ ಉಳಿಸಲು ಐಡಿವಿಯನ್ನು ತಗ್ಗಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಹಿಂದೊಮ್ಮೆ ನಾನೂ ಹಾಗೆ ಮಾಡಿದವನೇ.)

ಪತ್ರ ಬರೆದೆ. ಆ ಷರತ್ತನ್ನು ಯಥಾವತ್ತಾಗಿ ಉದ್ಧರಿಸಿದೆ. ಪ್ರೀಮಿಯಂ ಪಡೆಯುವಾಗ ಒಪ್ಪಿದ ಮೌಲ್ಯವನ್ನು ಪರಿಹಾರ ಕೊಡುವಾಗ ಅಲ್ಲಗಳೆಯುವ ವಿಮಾ ಸಂಸ್ಥೆಗಳ ಧೋರಣೆಯನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಧರ್ಮೇಂದ್ರ ಗೋಯೆಲ್ ಪ್ರಕರಣದಲ್ಲಿ, ಆಕ್ಷೇಪಿಸಿದ್ದನ್ನು ಸ್ಮರಿಸಿದೆ. ಸರ್ವೇಯರರ ವರದಿಯೇ ಕಟ್ಟಕಡೆಯ ಮಾತಲ್ಲವೆಂದು ಅದೇ ನ್ಯಾಯಾಲಯ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ವರದಿಯ ಪ್ರತಿಯನ್ನೂ ಲಿಖಿತವಾಗಿ ಕೇಳಿದೆ. ಇನ್ನು ಜಖಂ ಕಾರಿನ ಬೆಲೆ. ಆಟೋನಗರದ ಇಬ್ಬರು ಗುಜರಿ ವ್ಯಾಪಾರಿಗಳಿಂದ ಲಿಖಿತ ದರ ತೆಗೆದುಕೊಂಡೆ. ಒಬ್ಬರದು 82,000, ಮತ್ತೊಬ್ಬರದು 88,000. ಎರಡನ್ನೂ ಲಗತ್ತಿಸಿ, "ತಮ್ಮ ಅಂದಾಜಿನಂತೆ ಅದು 1,35,000 ಬಾಳುವುದಾದರೆ ತಾವೇ ಅದನ್ನು ಪಡೆದು ನನಗೆ ಪೂರ್ಣ ಐಡಿವಿಯನ್ನು ಕೊಡುವ ಕೃಪೆಮಾಡಬೇಕು" ಎಂದು ವಿನಂತಿಸಿಕೊಂಡೆ. ಇಡೀ ಪತ್ರದಲ್ಲಿ ನನಗೆ ಹೆಮ್ಮೆಯೆನಿಸಿದ್ದು ಈ ವಾಕ್ಯ ಒಂದೇ.

ಮೂರು ವಾರ ಮೌನ. ನೆನಪೋಲೆಯ ನಂತರ ಶಾಖೆಯ ಅಧಿಕಾರಿಯೊಬ್ಬರು ದೂರವಾಣಿಯಲ್ಲಿ ಮೊತ್ತವನ್ನು ಇಪ್ಪತ್ತು ಸಾವಿರ ಏರಿಸಿದರು. ಏರಿಸಿದ್ದಕ್ಕೆ ಆಧಾರವೇನೆಂದು ಕೇಳಿದೆ; ಇಳಿಸಿದ್ದಕ್ಕೇ ಆಧಾರವಿಲ್ಲದಿದ್ದಾಗ ಅವರಾದರೂ ಏನು ಹೇಳಿಯಾರು? 2023ರ ಫೆಬ್ರವರಿಯಲ್ಲಿ ಅವರೇ ಖರೀದಿದಾರನನ್ನು ಹುಡುಕಿ ಕಾರನ್ನು ಒಯ್ಯಿಸಿ, 3,59,000 ರೂಪಾಯಿಗಳನ್ನು ನನ್ನ ಖಾತೆಗೆ ಜಮಾ ಮಾಡಿಸಿದರು.

ಅಲ್ಲಿಗೆ ಬಗೆಹರಿಯದಿದ್ದರೆ ಹೋಗಬೇಕಾದ ಬಾಗಿಲುಗಳನ್ನೂ ತಿಳಿದಿಟ್ಟುಕೊಂಡಿದ್ದೆ. ಆಂಧ್ರಪ್ರದೇಶಕ್ಕೆ ಸಂಬಂಧಿಸಿದ ವಿಮಾ ಲೋಕಪಾಲರ ಕಚೇರಿ ಹೈದರಾಬಾದಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. ಮೊದಲು ಸಂಸ್ಥೆಗೆ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು, ತಿರಸ್ಕೃತವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮತ್ತೊಂದು ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಊರಿನಲ್ಲಿಯೇ, ಅಂದರೆ ಅಪಘಾತ ಏಲೂರಿನ ಬಳಿಯಾದರೂ ವಿಶಾಖಪಟ್ಟಣದಲ್ಲಿಯೇ, ಎರಡು ವರ್ಷದೊಳಗೆ ದೂರು ಕೊಡಬಹುದು. ವೋಚರಿಗೆ ಸಹಿಮಾಡಿಬಿಟ್ಟವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ವಂಚನೆ, ಒತ್ತಡಗಳಿಂದ ಸಹಿ ಪಡೆದುದನ್ನು ತೋರಿಸಿದರೆ ಪರಿಹಾರ ಉಂಟೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿಯೇ ತಿಳಿಸಿದೆ. ಅದನ್ನು ತೋರಿಸುವ ಭಾರ ಮಾತ್ರ ಸಹಿ ಹಾಕಿದವರದು.

ನಮ್ಮ ಈ ಎರಡು ಊರುಗಳವರಿಗೆ ಢಿಕ್ಕಿಯೊಂದೇ ಭಯವಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮರಗಳನ್ನು ಕಾರುಗಳ ಮೇಲೆ ಕೆಡವಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಕಡೆ ವಾಹನಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿ ನೋಡಲೇಬಾರದು. ಮಾಡಿದರೆ ಕನೆಕ್ಟಿಂಗ್ ರಾಡು ಬಾಗುವುದಲ್ಲದೆ, ಅದು ಪ್ರವಾಹದಿಂದಾದ ಹಾನಿಯಲ್ಲ, ತಾವೇ ತಂದುಕೊಂಡದ್ದೆಂದು ಪರಿಹಾರ ನಿರಾಕರಿಸಲು ಕಾರಣ ಸಿಗುತ್ತದೆ.

ಕೊನೆಯದಾಗಿ ನೋಂದಣಿ ಪತ್ರದ ವಿಚಾರ. ದುರಸ್ತಿಗೆ ಮೀರಿದ ವಾಹನದ ಬಗ್ಗೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು ವಿಧಿಸುತ್ತದೆ. ಗುಜರಿಗೆ ಹೋದ ಕಾರಿನ ಸಂಖ್ಯೆ ಕದ್ದ ಕಾರಿಗೆ ಅಂಟಿದರೆ ಪೋಲೀಸರು ಬರುವುದು ಹಳೆಯ ಮಾಲೀಕನ ಮನೆಗೆ. ಖರೀದಿದಾರನ ರಸೀದಿಯನ್ನೂ ಸಾರಿಗೆ ಕಚೇರಿಯ ಸ್ವೀಕೃತಿಯನ್ನೂ ಕೈಗೆ ಪಡೆದ ಮೇಲೆಯೇ ನಾನು ಕೀಲಿಕೈ ಒಪ್ಪಿಸಿದೆ. ಡ್ಯಾಶ್‌ಬೋರ್ಡಿನ ಮೇಲಿದ್ದ ತಾಯಿಯವರ ಗಣಪತಿ ಈಗ ಹೊಸ ಕಾರಿನಲ್ಲಿ ಕುಳಿತಿದ್ದಾನೆ.