ಮರದಡಿಯ ಬೆಂಚು, ಮಾತು ಕೇಳುವ ಅಜ್ಜಿ

ಆಫ್ರಿಕದ ಜಿಂಬಾಬ್ವೆ ದೇಶದ ರಾಜಧಾನಿ ಹರಾರೆ. ಅಲ್ಲಿನ ಎಂಬಾರೆ ಬಡಾವಣೆಯಲ್ಲಿ ಆ ದೇಶದ ಅತಿ ದೊಡ್ಡ ತರಕಾರಿ ಮಾರುಕಟ್ಟೆ ಇದೆ. ಹಳ್ಳಿಗಳ ಟೊಮೇಟೊ, ಎಲೆಕೋಸು ಬಂದು ಇಳಿಯುವುದು ಇಲ್ಲಿಗೇ. 2005ರಲ್ಲಿ ಸರ್ಕಾರವು ಅನಧಿಕೃತವೆಂದು ಹೇಳಿ ನಗರಗಳ ಗುಡಿಸಲು, ಗೂಡಂಗಡಿಗಳನ್ನು ಕೆಡವಿಸಿತು. ದೇಶದಾದ್ಯಂತ ಸುಮಾರು 7 ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡರೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಎಂಬಾರೆಯಲ್ಲಿ ಕೆಲಸಕ್ಕೆ ತೊಡಗಿದಾಗ ಅವರಿಗೆ ಕೊಠಡಿ ಸಿಗಲಿಲ್ಲ, ದಾದಿಯರೂ ಸಿಗಲಿಲ್ಲ. ಸಿಕ್ಕವರು 14 ಮಂದಿ ಅಜ್ಜಿಯರು.

ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು ಹಾಕಿಸಿ ಅದನ್ನು 'ಮಾನಸಿಕ ಆರೋಗ್ಯದ ಬೆಂಚು' ಎಂದು ವೈದ್ಯರು ಕರೆದರು. ಆ ಹೆಸರಿದ್ದರೆ ಯಾರೂ ಬಂದು ಕೂರುವುದಿಲ್ಲವೆಂದು ಅಜ್ಜಿಯರು ತಿಳಿಸಿದ ಮೇಲೆ ಅದು 'ಸ್ನೇಹದ ಬೆಂಚು' ಆಯಿತು. ಬಂದವರ ಮುಂದೆ ಖಿನ್ನತೆ ಎಂಬ ಪದವನ್ನೂ ಎತ್ತುವುದಿಲ್ಲ. ಶೋನಾ ಭಾಷೆಯ 'ಕುಫುಂಗಿಸಿಸ' ಎಂಬ ಮಾತೇ ಸಾಕು. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ನಮ್ಮಲ್ಲಿ 'ಮನಸ್ಸಿಗೆ ಹಚ್ಚಿಕೊಂಡಿದ್ದಾನೆ' ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಆಸ್ಪತ್ರೆಗೆ ಬಂದವರಿಗೆ ಮೊದಲು 14 ಪ್ರಶ್ನೆಗಳನ್ನು ಕೇಳಲಾಗುತ್ತದೆ. ನಿದ್ದೆ ಬರುತ್ತಿದೆಯೇ, ಅಳು ಬರುತ್ತದೆಯೇ, ಸಾಯಬೇಕೆನ್ನಿಸಿದೆಯೇ ಎಂಬಂಥವು. ತೊಂದರೆ ಕಂಡವರನ್ನು ಬೆಂಚಿಗೆ ಕಳುಹಿಸುತ್ತಾರೆ. ಒಬ್ಬಾಕೆಗೆ ಬಾಡಿಗೆ ಬಾಕಿ, ಗಂಡನ ಹೊಡೆತ, ಮಗುವಿನ ಕಾಯಿಲೆ ಮೂರೂ ಇವೆ ಎಂದಿಟ್ಟುಕೊಳ್ಳಿ. ಅಜ್ಜಿ ಎಲ್ಲವನ್ನೂ ಕೇಳುತ್ತಾಳೆ. ಮೂರರಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ಆರಿಸುವವಳು ಬಂದಾಕೆಯೇ. ಮುಂದಿನ ಭೇಟಿಯೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸ ನಿಶ್ಚಯವಾಗುತ್ತದೆ. ಅದು ಏನಾಯಿತೆಂದು ಮುಂದಿನ ಸಲ ವಿಚಾರಣೆ. ಒಟ್ಟು ಆರು ಭೇಟಿ, ಅಷ್ಟೇ.

ಉಪದೇಶ ಮಾಡದಿರುವುದನ್ನು ಅಜ್ಜಿಯರಿಗೆ ಕಲಿಸಬೇಕಾಗುತ್ತದೆ. ವಯಸ್ಸಾದವರಿಗೆ ಇದು ಸುಲಭವಲ್ಲ ಎಂಬುದನ್ನು ಓದುಗರು ಬಲ್ಲರು! ಕೇಳಿದ್ದನ್ನು ಕೇರಿಯಲ್ಲಿ ಆಡಬಾರದು. ಸಾಯುವ ಮಾತು ಬಂದರೆ ಮಾತ್ರ ಅಜ್ಜಿ ಅದನ್ನು ಒಬ್ಬಳೇ ಹೊರುವುದಿಲ್ಲ. ಕೂಡಲೇ ಮೇಲ್ವಿಚಾರಕರಿಗೆ ತಿಳಿಸುತ್ತಾಳೆ.

ಇನ್ನೊಂದು ಸಂಗತಿ ಮುಖ್ಯವಾದುದು. ದುರಂತ ಕಂಡವರನ್ನು ಕೂಡಲೇ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಉಪಯೋಗ ಕಾಣಲಿಲ್ಲ. ಕೆಲವರಿಗೆ ಕೆಡುಕೇ ಆಗಿತ್ತು. ಬಲವಂತವಾಗಿ ಹೇಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರ ತನ್ನ ಕೈಪಿಡಿಯಲ್ಲಿ ಸೂಚಿಸಿದೆ. ನೆಟ್ಟ ಸಸಿ ಬೇರು ಬಿಟ್ಟಿತೇ ಎಂದು ದಿನವೂ ಕಿತ್ತು ನೋಡುವವರುಂಟೇ? ಸಾವಾದ ಮನೆಗೆ ಹೋದವರೆಲ್ಲ 'ಹೇಗಾಯಿತು, ಮೊದಲು ನೋಡಿದವರು ಯಾರು' ಎಂದು ಮತ್ತೆ ಮತ್ತೆ ಕೇಳುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡುವುದು ಒಳ್ಳೆಯದು. ತಾವಾಗಿ ಹೇಳಿದರೆ ಕೇಳಿ, ಇಲ್ಲವಾದರೆ ಸುಮ್ಮನೆ ಕುಳಿತು ಊಟ, ನೀರು, ಮಕ್ಕಳ ಕಡೆ ಗಮನ ಕೊಡಿ.

ಬೆಂಚಿನಿಂದ ಫಲ ಸಿಕ್ಕಿತೇ? ಹರಾರೆಯ 24 ಆಸ್ಪತ್ರೆಗಳಲ್ಲಿ 573 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ 2016ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರಲ್ಲಿ ಐವರಲ್ಲಿ ಸುಮಾರು ಇಬ್ಬರಿಗೆ ಎಚ್‌ಐವಿ ಸೋಂಕಿತ್ತು. ಆರು ತಿಂಗಳ ನಂತರ, ಸಾಮಾನ್ಯ ಆರೈಕೆ ಪಡೆದವರಲ್ಲಿ ನೂರಕ್ಕೆ 50 ಮಂದಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿನ ಮೇಲೆ ಕೂತವರಲ್ಲಿ 14 ಮಂದಿಗೆ. ನೆರೆಯ ಗೋವೆಯಲ್ಲೂ ಸಂಗಾತ್ ಸಂಸ್ಥೆಯು ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಇಂಥದೇ ಫಲ ಕಂಡಿದ್ದು, ಅದರ ವರದಿ 2017ರಲ್ಲಿ ಬಂದಿದೆ.

ನಮ್ಮ ಊರುಗಳಲ್ಲಿ ಅಂಥ ಬೆಂಚು ಇಲ್ಲದಿದ್ದರೂ ಫೋನ್ ಇದೆ. ಟೆಲಿ ಮಾನಸ್ ಸೇವೆಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಯಾರಾದರೂ ಕುಗ್ಗಿರುವಂತೆ ಕಂಡರೆ ಕೀಟನಾಶಕದ ಡಬ್ಬಿಗಳನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಬೇರೊಬ್ಬರ ವಶಕ್ಕೆ ಕೊಡಿ.